ಅಪ್ಪನ ಕಾಲೇಜು, ನನ್ನ ಸೀಟು

ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಾಗ ಮನೆಗೆ ಬಂದ ನೆಂಟರಿಷ್ಟರಲ್ಲಿ ಅರ್ಧ ಜನ ಹೇಳಿದ್ದು ಒಂದೇ ಮಾತು. ‘ನಿಮ್ಮಪ್ಪ ಓದಿದ್ದೂ ಅದೇ ಕಾಲೇಜಲ್ವಾ? ಹಂಗಾದ್ರೆ ಬಿಡು, ಸೀಟು ಸಿಗದೆ ಇನ್ನೇನು!’

ಅಪ್ಪ ನಕ್ಕು ಸುಮ್ಮನಾದರು. ನನಗೆ ಸುಮ್ಮನಿರಲು ಆಗಲಿಲ್ಲ. ಕೋಣೆಗೆ ಹೋಗಿ ಸಿಇಟಿ ರ‍್ಯಾಂಕಿನ ಪ್ರಿಂಟ್‌ಔಟ್ ತಂದು ಟೀಪಾಯಿ ಮೇಲೆ, ಚಕ್ಕುಲಿ ತಟ್ಟೆಯ ಪಕ್ಕದಲ್ಲೇ ಇಟ್ಟೆ. ‘ನೋಡಿ ಅಂಕಲ್, ಇದರಲ್ಲಿ ಅಪ್ಪ ಓದಿದ ಕಾಲೇಜಿನ ಹೆಸರಿಗೆ ಜಾಗಾನೇ ಇಲ್ಲ’ ಎಂದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಗದರಿದರು. ಎರಡು ವರ್ಷ ರಾತ್ರಿ ಹನ್ನೊಂದರ ತನಕ ಕೂತು ಓದಿದ್ದು ನಾನು. ಹೆಸರು ಮಾತ್ರ ಅಪ್ಪನಿಗೆ ಹೋಗುತ್ತದೆ ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ ಹೇಳಿ?

ಆ ಪ್ರಿಂಟ್‌ಔಟ್ ಬಹಳ ದಿನ ನನ್ನ ಪಾಲಿಗೆ ಬ್ರಹ್ಮಾಸ್ತ್ರವಾಗಿತ್ತು. ಕಳೆದ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯಿಂದ ಒಂದು ಫೋನ್ ಬರುವ ತನಕ.

ಬೆಳಗಿನ ಜಾವದ ಫೋನ್

ಸೆಮಿಸ್ಟರ್ ಪರೀಕ್ಷೆ ಹತ್ತಿರವಿತ್ತು. ಬೆಳಗಿನ ಜಾವ ಐದೂವರೆಗೆ ಎದ್ದು ಸಿಗ್ನಲ್ಸ್ ನೋಟ್ಸ್ ಹಿಡಿದು ಕೂತಿದ್ದೆ. ಚಿಕ್ಕಮ್ಮನ ಮಗಳ ವಿಡಿಯೊ ಕಾಲ್. ಅಲ್ಲಿ ಆಗಿನ್ನೂ ಸಂಜೆ ಏಳು ಗಂಟೆ. ಅವಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ. ನಮ್ಮ ಲೆಕ್ಕದಲ್ಲಿ ಸೆಕೆಂಡ್ ಪಿಯುಸಿ. ಅಂದು ಅವಳು ಅರ್ಜಿ ಹಾಕಿದ್ದ ವಿಶ್ವವಿದ್ಯಾಲಯದ ಮೊದಲ ಸುತ್ತಿನ ಫಲಿತಾಂಶ ಬರುವ ದಿನ.

‘ಅಕ್ಕ, ಸಿಕ್ತು’ ಎಂದಳು. ದನಿಯಲ್ಲಿ ಖುಷಿಯೇ ಇರಲಿಲ್ಲ. ಹಿಂದೆ ಚಿಕ್ಕಪ್ಪ ಯಾರಿಗೋ ಫೋನಿನಲ್ಲಿ ಜೋರಾಗಿ ಸುದ್ದಿ ಹೇಳುತ್ತಿದ್ದರು. ಚಿಕ್ಕಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ‘ಮತ್ತೆ ಮುಖ ಯಾಕೆ ಹಂಗಿದೆ?’ ಎಂದು ಕೇಳಿದೆ.

ಅವಳ ಜೊತೆಗೆ ಅದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದ ಗೆಳತಿಯೊಬ್ಬಳಿದ್ದಾಳೆ. ಒಂದೇ ಶಾಲೆ, ಒಂದೇ ಕ್ಲಾಸು, ಹೆಚ್ಚುಕಡಿಮೆ ಒಂದೇ ಅಂಕ. ಆ ಹುಡುಗಿಯ ತಾಯಿ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಾರೆ, ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವಳಿಗೆ ಸೀಟು ಸಿಗಲಿಲ್ಲ, ನಿರ್ಧಾರವನ್ನು ಮುಂದಕ್ಕೆ ಹಾಕಿದ್ದರು. ನನ್ನ ತಂಗಿಗೆ ಸಿಕ್ಕಿತು. ಮತ್ತು ನಮ್ಮ ಚಿಕ್ಕಪ್ಪ ಎಂ.ಎಸ್. ಮಾಡಿದ್ದು ಅದೇ ವಿಶ್ವವಿದ್ಯಾಲಯದಲ್ಲಿ.

‘ಸೀಟು ನಂಗೆ ಸಿಕ್ಕಿದ್ದಾ, ಅಪ್ಪಂಗೆ ಸಿಕ್ಕಿದ್ದಾ? ಗೊತ್ತಾಗ್ತಿಲ್ಲ ಅಕ್ಕ’ ಎಂದಳು.

ನಾನು ಏನು ಹೇಳಲಿ? ಟೀಪಾಯಿ ಮೇಲೆ ಇಡಲು ಅವಳ ಹತ್ತಿರ ಪ್ರಿಂಟ್‌ಔಟ್ ಇರಲಿಲ್ಲ.

ಫಾರಂನಲ್ಲಿ ಒಂದು ಕಾಲಂ

ಅಮೆರಿಕದ ನೂರಾರು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕಲು ‘ಕಾಮನ್ ಆ್ಯಪ್’ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಅಪ್ಪ ಅಮ್ಮ ಎಲ್ಲಿ ಓದಿದರು, ಯಾವ ಪದವಿ, ಯಾವ ವರ್ಷ ಎಂದು ಕೇಳುತ್ತಾರೆ. ಕಾಲೇಜಿಗೆ ಹೋಗುತ್ತಿರುವ ಮೊದಲ ತಲೆಮಾರಿನ ವಿದ್ಯಾರ್ಥಿ ಯಾರು ಎಂದು ತಿಳಿಯಲೂ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಕೆಲವು ಕಾಲೇಜುಗಳು ಇದೇ ಉತ್ತರವನ್ನು ಇನ್ನೊಂದಕ್ಕೂ ಬಳಸುತ್ತವೆ. ‘ಈ ಮಗುವಿನ ಅಪ್ಪನೋ ಅಮ್ಮನೋ ನಮ್ಮಲ್ಲೇ ಓದಿದ್ದಾರಾ?’ ಓದಿದ್ದರೆ ಆ ಅರ್ಜಿಗೆ ಸ್ವಲ್ಪ ಹೆಚ್ಚಿನ ತೂಕ. ಇದಕ್ಕೆ ಅಲ್ಲಿ ‘ಲೆಗಸಿ’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹಳೆಯ ವಿದ್ಯಾರ್ಥಿಗಳ ಮಕ್ಕಳ ಕೋಟಾ. ಆದರೆ ಇಷ್ಟೇ ಸೀಟು ಎಂದು ಎಲ್ಲೂ ಬರೆದಿರುವುದಿಲ್ಲ.

ಅಲ್ಲಿನ ದೊಡ್ಡ ಕಾಲೇಜುಗಳಲ್ಲಿ ರ‍್ಯಾಂಕ್ ಪಟ್ಟಿ ಎಂಬುದೇ ಇಲ್ಲ. ಅಂಕ, ಪ್ರಬಂಧ, ಶಿಕ್ಷಕರ ಪತ್ರ, ಆಟ, ಸಂಗೀತ, ಸಮಾಜಸೇವೆ ಎಲ್ಲವನ್ನೂ ಓದಿ ಒಂದು ಸಮಿತಿ ಕೂತು ತೀರ್ಮಾನಿಸುತ್ತದೆ. ಹಾಗಾಗಿ ಯಾವ ಸೀಟು ಯಾವ ಕಾರಣಕ್ಕೆ ಸಿಕ್ಕಿತು ಎಂದು ಸೀಟು ಪಡೆದವರಿಗೂ ಗೊತ್ತಾಗುವುದಿಲ್ಲ. ನನ್ನ ತಂಗಿಯ ಸಂಕಟ ಇರುವುದು ಇಲ್ಲಿಯೇ. ಅವಳು ಜಾಣೆ. ಅಪ್ಪ ಅಲ್ಲಿ ಓದಿರದಿದ್ದರೂ ಅವಳಿಗೆ ಸೀಟು ಸಿಗುತ್ತಿತ್ತೇನೋ. ಆ ‘ಏನೋ’ ಮಾತ್ರ ಜೀವನಪೂರ್ತಿ ಅವಳ ಜೊತೆಗಿರುತ್ತದೆ.

ನೂರು ವರ್ಷದ ಹಿಂದಿನ ಕಥೆ

ಪರೀಕ್ಷೆ ಮುಗಿದ ಮೇಲೆ ಈ ಲೆಗಸಿಯ ಬೆನ್ನು ಹತ್ತಿದೆ. ಇದು ರಾಜಮಹಾರಾಜರ ಕಾಲದ್ದಿರಬೇಕು ಅಂದುಕೊಂಡಿದ್ದೆ. ಅಲ್ಲ. ಹೆಚ್ಚುಕಡಿಮೆ ನೂರು ವರ್ಷದ್ದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾರ್ವರ್ಡ್, ಯೇಲ್‌ನಂಥ ಕಾಲೇಜುಗಳು ಪ್ರವೇಶ ಪರೀಕ್ಷೆ ನಡೆಸುತ್ತಿದ್ದವು. ಪಾಸಾದವರು ಬಹುಪಾಲು ಒಳಗೆ ಬರುತ್ತಿದ್ದರು. ಆಗ ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಚೆನ್ನಾಗಿ ಓದಿ ಈ ಪರೀಕ್ಷೆಗಳನ್ನು ಪಾಸು ಮಾಡತೊಡಗಿದರು. 1920ರ ದಶಕದ ಆರಂಭದ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಐವರು ವಿದ್ಯಾರ್ಥಿಗಳಲ್ಲಿ ಒಬ್ಬರು ಯಹೂದಿಗಳಾಗಿದ್ದರು. ಅಂದಿನ ಅಧ್ಯಕ್ಷ ಲಾರೆನ್ಸ್ ಲೊವೆಲ್ ಅವರಿಗೆ ಇದು ಹಿಡಿಸಲಿಲ್ಲ. ಅವರು ಯಹೂದಿಗಳ ಸಂಖ್ಯೆಗೆ ಮಿತಿ ಹಾಕಲು ಹೊರಟರು. ಬಹಿರಂಗ ಮಿತಿಗೆ ವಿರೋಧ ಬಂದಾಗ ಬೇರೆ ದಾರಿ ಹುಡುಕಿದರು. ಅಂಕದ ಜೊತೆಗೆ ‘ವ್ಯಕ್ತಿತ್ವ’ ನೋಡುವುದು, ಫೋಟೊ ಕೇಳುವುದು, ಸಂದರ್ಶನ ಮಾಡುವುದು, ಕುಟುಂಬದ ಹಿನ್ನೆಲೆ ವಿಚಾರಿಸುವುದು. ಇದೇ ಹೊತ್ತಿಗೆ, 1922ರಲ್ಲಿ, ಡಾರ್ಟ್‌ಮತ್ ಕಾಲೇಜು ಪ್ರಕಟಿಸಿದ ಹೊಸ ಪ್ರವೇಶ ನೀತಿಯಲ್ಲಿ ಅರ್ಹತೆ ಇರುವ ಹಳೆಯ ವಿದ್ಯಾರ್ಥಿಗಳ ಗಂಡುಮಕ್ಕಳಿಗೆಲ್ಲ ಪ್ರವೇಶ ಎಂದು ಸ್ಪಷ್ಟವಾಗಿ ಹೇಳಿತ್ತು. ಜೆರೋಮ್ ಕ್ಯಾರಬೆಲ್ ಎಂಬ ಸಮಾಜಶಾಸ್ತ್ರಜ್ಞರು 2005ರಲ್ಲಿ ತಂದ ‘ದಿ ಚೋಸನ್’ ಎಂಬ ದಪ್ಪ ಪುಸ್ತಕದಲ್ಲಿ ಈ ಇತಿಹಾಸವೆಲ್ಲ ಇದೆ.

ಪರೀಕ್ಷೆಯಲ್ಲಿ ಗೆದ್ದು ಹೊಸಬರು ಒಳಗೆ ಬರುತ್ತಿದ್ದಾರೆ ಎಂದಾಗ ಪರೀಕ್ಷೆಯ ಮಹತ್ವವನ್ನೇ ಕಡಿಮೆ ಮಾಡಿದರು. ‘ನಿಮ್ಮಪ್ಪ ಯಾರು?’ ಎಂಬ ಪ್ರಶ್ನೆ ಅಲ್ಲಿಂದ ಒಳಗೆ ಬಂತು. ಇದನ್ನು ಓದಿದಾಗ ನನಗೆ ಅಮೆರಿಕ ಅಷ್ಟೇನೂ ದೂರದ ದೇಶ ಅನ್ನಿಸಲಿಲ್ಲ.

34 ಮತ್ತು 6

ಲೆಗಸಿಯಿಂದ ಎಷ್ಟು ಲಾಭ ಎಂಬುದು ಬಹಳ ಕಾಲ ಕಾಲೇಜುಗಳ ಗುಟ್ಟಾಗಿತ್ತು. ಅದು ಹೊರಗೆ ಬಂದದ್ದು ನ್ಯಾಯಾಲಯದಲ್ಲಿ. ಏಷ್ಯನ್ ಮೂಲದ ವಿದ್ಯಾರ್ಥಿಗಳಿಗೆ ತಾರತಮ್ಯ ಆಗುತ್ತಿದೆ ಎಂದು 2014ರಲ್ಲಿ ಸಂಘಟನೆಯೊಂದು ಹಾರ್ವರ್ಡ್ ಮೇಲೆ ದಾವೆ ಹೂಡಿತು. 2018ರಲ್ಲಿ ಬಾಸ್ಟನ್‌ನಲ್ಲಿ ವಿಚಾರಣೆ ನಡೆದಾಗ ಹಾರ್ವರ್ಡ್ ತನ್ನ ಪ್ರವೇಶದ ಆರು ವರ್ಷಗಳ ಲೆಕ್ಕವನ್ನು ಮುಂದಿಡಬೇಕಾಯಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಅರ್ಜಿ ಹಾಕಿದ ನೂರರಲ್ಲಿ ಸುಮಾರು 34 ಮಂದಿಗೆ ಸೀಟು. ಉಳಿದವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ.

‘ಓದಿದವರ ಮಕ್ಕಳು ಚೆನ್ನಾಗಿ ಓದುತ್ತಾರೆ, ಅದಕ್ಕೇ ಇರಬಹುದಲ್ಲ?’ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿಕೊಂಡೆ. ಅದಕ್ಕೆ ಉತ್ತರ 2023ರ ಒಂದು ಅಧ್ಯಯನದಲ್ಲಿದೆ. ದೆಹಲಿಯಲ್ಲಿ ಹುಟ್ಟಿ, ಒಂಬತ್ತನೇ ವಯಸ್ಸಿಗೆ ಅಮೆರಿಕಕ್ಕೆ ಹೋಗಿ, ಈಗ ಹಾರ್ವರ್ಡ್‌ನಲ್ಲೇ ಅರ್ಥಶಾಸ್ತ್ರ ಕಲಿಸುವ ರಾಜ್ ಚೆಟ್ಟಿ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಹನ್ನೆರಡು ಪ್ರತಿಷ್ಠಿತ ಕಾಲೇಜುಗಳ ಪ್ರವೇಶವನ್ನು ಅಧ್ಯಯನ ಮಾಡಿದರು. ಪ್ರವೇಶ ಪರೀಕ್ಷೆಯಲ್ಲಿ ಒಂದೇ ಅಂಕ ತೆಗೆದ ಮಧ್ಯಮ ವರ್ಗದ ಮಗುವಿಗಿಂತ ಅತಿ ಶ್ರೀಮಂತ ಶೇ 1ರಷ್ಟು ಕುಟುಂಬಗಳ ಮಗು ಈ ಕಾಲೇಜುಗಳಿಗೆ ಸೇರುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಎಂದು ಅವರು ಕಂಡುಕೊಂಡರು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಲೆಗಸಿ.

ನನಗೆ ತುಂಬಾ ಹಿಡಿಸಿದ್ದು ಅವರು ಮಾಡಿದ ಒಂದು ಸರಳ ಪರೀಕ್ಷೆ. ಹಳೆಯ ವಿದ್ಯಾರ್ಥಿಗಳ ಮಕ್ಕಳು ನಿಜವಾಗಿಯೂ ಅಷ್ಟು ಪ್ರತಿಭಾವಂತರಾಗಿದ್ದರೆ, ಅದೇ ಮಟ್ಟದ ಬೇರೆ ಕಾಲೇಜಿನಲ್ಲೂ ಅವರಿಗೆ ಅಷ್ಟೇ ಸುಲಭವಾಗಿ ಸೀಟು ಸಿಗಬೇಕಲ್ಲವೇ? ಸಿಗುತ್ತಿರಲಿಲ್ಲ. ಆ ಹೆಚ್ಚುವರಿ ಅವಕಾಶ ಕಾಣಿಸಿದ್ದು ಅಪ್ಪ ಅಮ್ಮ ಓದಿದ ಕಾಲೇಜಿನಲ್ಲಿ ಮಾತ್ರ. ಲ್ಯಾಬಿನಲ್ಲಿ ನಾವು ಒಂದೊಂದೇ ಕಾಂಪೊನೆಂಟ್ ಬದಲಿಸಿ ದೋಷ ಎಲ್ಲಿದೆ ಎಂದು ಹುಡುಕುತ್ತೇವಲ್ಲ, ಥೇಟ್ ಹಾಗೆ.

ಹಾರ್ವರ್ಡ್ ಪ್ರಕರಣದ ಅದೇ ಲೆಕ್ಕವನ್ನು ಇಟ್ಟುಕೊಂಡು ನಡೆದ ಇನ್ನೊಂದು ಅಧ್ಯಯನದ ಪ್ರಕಾರ, ಪ್ರವೇಶ ಪಡೆದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ 43ಕ್ಕಿಂತ ಹೆಚ್ಚು ಮಂದಿ ಒಂದೋ ಕ್ರೀಡಾಪಟುಗಳು, ಇಲ್ಲವೇ ಹಳೆಯ ವಿದ್ಯಾರ್ಥಿಗಳ ಅಥವಾ ಸಿಬ್ಬಂದಿಯ ಮಕ್ಕಳು, ಇಲ್ಲವೇ ಡೀನ್ ಅವರ ವಿಶೇಷ ಪಟ್ಟಿಯಲ್ಲಿದ್ದವರು. ಕಪ್ಪು, ಲ್ಯಾಟಿನೊ, ಏಷ್ಯನ್ ಮೂಲದವರಲ್ಲಿ ಇಂಥವರು ಶೇ 16ಕ್ಕಿಂತ ಕಡಿಮೆ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗವನ್ನು ಪರಿಗಣಿಸಿ ಪ್ರವೇಶ ಕೊಡುವುದನ್ನು ತಳ್ಳಿಹಾಕಿತು. ತಲೆತಲಾಂತರದಿಂದ ಹೊರಗಿದ್ದವರಿಗೆ ಕೊಡುತ್ತಿದ್ದ ಒತ್ತಾಸೆ ನಿಂತಿತು. ತಲೆತಲಾಂತರದಿಂದ ಒಳಗಿದ್ದವರಿಗೆ ಕೊಡುವ ಒತ್ತಾಸೆ ಮಾತ್ರ ಉಳಿಯಿತು. ಜನ ಸುಮ್ಮನಿರುತ್ತಾರೆಯೇ? ಮುಂದಿನ ತಿಂಗಳೇ ದೂರು ಹೋಯಿತು, ಅಲ್ಲಿನ ಶಿಕ್ಷಣ ಇಲಾಖೆ ಹಾರ್ವರ್ಡ್‌ನ ಲೆಗಸಿ ಪದ್ಧತಿಯ ಬಗ್ಗೆ ತನಿಖೆ ಆರಂಭಿಸಿತು.

ಬೇಡ ಅಂದವರೂ ಇದ್ದಾರೆ

ಎಲ್ಲ ಕಾಲೇಜುಗಳೂ ಹೀಗಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳಾದ ನಮಗೆಲ್ಲ ಕನಸಿನ ಕಾಲೇಜಾದ ಎಂಐಟಿ ಲೆಗಸಿಯನ್ನು ನೋಡುವುದೇ ಇಲ್ಲ. ಕ್ಯಾಲ್‌ಟೆಕ್ ಕೂಡ ಅಷ್ಟೆ. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲೂ ಇಲ್ಲ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಸದ್ದಿಲ್ಲದೆ ಇದನ್ನು ಕೈಬಿಟ್ಟು, 2020ರಲ್ಲಿ ಬಹಿರಂಗವಾಗಿ ಹೇಳಿಕೊಂಡಿತು. 2009ರಲ್ಲಿ ಅಲ್ಲಿ ಹೊಸದಾಗಿ ಸೇರಿದವರಲ್ಲಿ ಶೇ 12.5ರಷ್ಟಿದ್ದ ಹಳೆಯ ವಿದ್ಯಾರ್ಥಿಗಳ ಮಕ್ಕಳು ಹತ್ತು ವರ್ಷದಲ್ಲಿ ಶೇ 3.5ಕ್ಕೆ ಇಳಿದರು. ಅದೇ ಅವಧಿಯಲ್ಲಿ ಸರ್ಕಾರದ ನೆರವಿಗೆ ಅರ್ಹರಾದ ಬಡ ಕುಟುಂಬಗಳ ಮಕ್ಕಳ ಪಾಲು ದುಪ್ಪಟ್ಟಾಯಿತು. ಆಮ್ಹರ್ಸ್ಟ್ ಕಾಲೇಜು 2021ರಲ್ಲಿ, ವೆಸ್ಲಿಯನ್ ವಿಶ್ವವಿದ್ಯಾಲಯ 2023ರಲ್ಲಿ ಇದೇ ದಾರಿ ಹಿಡಿದವು.

ಕೆಲವು ರಾಜ್ಯಗಳು ಕಾನೂನನ್ನೇ ತಂದವು. 2021ರಲ್ಲಿ ಕೊಲರಾಡೊ, 2024ರಲ್ಲಿ ವರ್ಜೀನಿಯಾ ತಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಲೆಗಸಿಯನ್ನು ನಿಷೇಧಿಸಿದವು. ಮೇರಿಲ್ಯಾಂಡ್ ಮತ್ತು ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಿಗೂ ಬೇಡ ಅಂದವು.

ಹಾಗಾದರೆ ಉಳಿದವರು ಯಾಕೆ ಬಿಡುತ್ತಿಲ್ಲ? ಅವರ ವಾದವನ್ನೂ ಕೇಳೋಣ. ಒಂದು, ಹಣ. ಹಳೆಯ ವಿದ್ಯಾರ್ಥಿಗಳು ದೇಣಿಗೆ ಕೊಡುತ್ತಾರೆ, ಆ ದುಡ್ಡಿನಿಂದಲೇ ಬಡ ವಿದ್ಯಾರ್ಥಿಗಳಿಗೆ ಸಹಾಯ ಆಗುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿಲ್ಲ ಎನ್ನಲಾಗದು. 2025-26ರಿಂದ ವರ್ಷಕ್ಕೆ ಒಂದು ಲಕ್ಷ ಡಾಲರ್ ತನಕ ಆದಾಯವಿರುವ ಕುಟುಂಬಗಳ ಮಕ್ಕಳಿಗೆ ಹಾರ್ವರ್ಡ್‌ನಲ್ಲಿ ಫೀಸು, ಊಟ, ವಸತಿ ಎಲ್ಲವೂ ಉಚಿತ. ಅಷ್ಟು ದೊಡ್ಡ ಗಂಟು ಇಲ್ಲದೆ ಅದು ಸಾಧ್ಯವಿಲ್ಲ.

ಆದರೆ ದೇಣಿಗೆಗೂ ಸೀಟಿಗೂ ಗಂಟು ಹಾಕಲೇಬೇಕೇ? ಇದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ನಮ್ಮ ಬೆಂಗಳೂರಿನ ನಂದನ್ ನಿಲೇಕಣಿ 1973ರಲ್ಲಿ ಐಐಟಿ ಬಾಂಬೆ ಸೇರಿದವರು. ಐವತ್ತು ವರ್ಷ ತುಂಬಿದ ನೆನಪಿಗೆ 2023ರಲ್ಲಿ ಅವರು ಆ ಸಂಸ್ಥೆಗೆ 315 ಕೋಟಿ ರೂಪಾಯಿ ಕೊಟ್ಟರು. ಹಿಂದೆ ಕೊಟ್ಟದ್ದೂ ಸೇರಿ 400 ಕೋಟಿ. ಎಷ್ಟೇ ಕೋಟಿ ಕೊಟ್ಟರೂ ಐಐಟಿಯಲ್ಲಿ ಬಿ.ಟೆಕ್. ಸೀಟು ಕೊಳ್ಳಲಾಗದು. ಕೊಡುವ ಮನಸ್ಸಿದ್ದವರು ಕೊಡುತ್ತಾರೆ.

ಎರಡನೆಯ ವಾದ ನನ್ನನ್ನು ಸ್ವಲ್ಪ ತಡೆದು ನಿಲ್ಲಿಸಿತು. ಅದನ್ನು ಹೇಳಿದ್ದು ಸ್ವತಃ ನಮ್ಮ ಚಿಕ್ಕಪ್ಪ. ‘ನೂರು ವರ್ಷ ಅವರ ಮಕ್ಕಳು ಅನುಭವಿಸಿದ್ರು. ನಾನು ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದವನು. ಈಗ ನಮ್ಮ ಮಕ್ಕಳ ಸರದಿ ಬಂದಾಗ ಇದು ಅನ್ಯಾಯ ಅಂತ ಜ್ಞಾನೋದಯ ಆಯ್ತಾ?’ ಎಂದು ಕೇಳಿದರು. ಅಲ್ಲಿನ ಕಪ್ಪು ಸಮುದಾಯದ ಹಳೆಯ ವಿದ್ಯಾರ್ಥಿಗಳಲ್ಲೂ ಕೆಲವರು ಇದೇ ಪ್ರಶ್ನೆ ಎತ್ತಿದ್ದಾರೆ.

ಚಿಕ್ಕಪ್ಪನ ಮಾತಿನಲ್ಲಿ ನೋವಿದೆ. ಆದರೆ ಇನ್ನೊಂದು ವಿಷಯವೂ ಇದೆ. ನಮ್ಮವರಲ್ಲಿ ಬಹಳಷ್ಟು ಜನ ಇಲ್ಲಿ ಬಿ.ಇ. ಮುಗಿಸಿ ಅಲ್ಲಿಗೆ ಎಂ.ಎಸ್.ಗೆ ಹೋದವರು. ಹಾರ್ವರ್ಡ್‌ನಂಥ ಕಡೆ ಲೆಗಸಿ ಎಂದರೆ ಅದರ ಪದವಿ ಕಾಲೇಜಿನಲ್ಲಿ ಓದಿದವರ ಮಕ್ಕಳು ಮಾತ್ರ. ಸ್ನಾತಕೋತ್ತರ ಓದಿದವರ ಮಕ್ಕಳು ಆ ಲೆಕ್ಕಕ್ಕೆ ಬರುವುದಿಲ್ಲ. ಚಿಕ್ಕಪ್ಪನ ವಿಶ್ವವಿದ್ಯಾಲಯದಂತೆ ಎಂ.ಎಸ್. ಪದವಿಯನ್ನೂ ಪರಿಗಣಿಸುವ ಕಡೆ ಮಾತ್ರ ಇವರಿಗೆ ಅದೃಷ್ಟ. ಎಂದರೆ, ಕಷ್ಟಪಟ್ಟು ಹೋದ ಮೊದಲ ತಲೆಮಾರಿಗೆ ಸಿಗುವುದು ಅಷ್ಟಕ್ಕಷ್ಟೆ. ನಾಳೆ ನನ್ನ ತಂಗಿಯ ಮಕ್ಕಳಿಗೆ ಪೂರ್ತಿ ಸಿಗುತ್ತದೆ. ಆಗ ಹೊಸದಾಗಿ ಎರಡು ಸೂಟ್‌ಕೇಸ್ ಹಿಡಿದು ಬಂದವನ ಮಗು ಎಲ್ಲಿ ನಿಲ್ಲಬೇಕು?

‘ನಮ್ಮಲ್ಲಿ ಇಲ್ಲವಲ್ಲ!’

ಇಷ್ಟೆಲ್ಲ ಓದಿದ ಮೇಲೆ ನನಗೆ ಸಿಇಟಿ ಬಗ್ಗೆ ವಿಪರೀತ ಗೌರವ ಹುಟ್ಟಿತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ತಲಾ 60 ಅಂಕ. ಅದರ ಅರ್ಧ, ಪಿಯುಸಿ ಅಂಕದ ಅರ್ಧ ಸೇರಿಸಿ ರ‍್ಯಾಂಕ್. ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಮೀಸಲಾತಿ. ಅಪ್ಪ ಅಮ್ಮ ಓದಿದ್ದನ್ನು ಕೇಳುವ ಒಂದು ನಿಯಮ ನಮ್ಮಲ್ಲೂ ಇದೆ. ಶಾಲೆಯನ್ನು ಹೊರಗೆಲ್ಲೋ ಓದಿ ಪಿಯುಸಿ ಮಾತ್ರ ಇಲ್ಲಿ ಮಾಡಿದವರು ಅಪ್ಪನೋ ಅಮ್ಮನೋ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಾರೆ ಎಂದು ತೋರಿಸಬಹುದು. ಆದರೆ ಅದು ನಾವು ಈ ನಾಡಿನವರು ಎಂದು ಸಾಬೀತು ಮಾಡಲು. ಯಾವ ಕಾಲೇಜು ಎಂಬುದು ಮುಖ್ಯವಲ್ಲ.

ಹಾಗಂತ ನಾವೇನೂ ಸತ್ಯಹರಿಶ್ಚಂದ್ರರ ವಂಶದವರಲ್ಲ. ದೆಹಲಿಯ ಖಾಸಗಿ ಶಾಲೆಗಳ ನರ್ಸರಿ ಪ್ರವೇಶಕ್ಕೆ 2013ರ ಕೊನೆಯಲ್ಲಿ ಮಾಡಿದ ನಿಯಮದಲ್ಲಿ, ಅಪ್ಪನೋ ಅಮ್ಮನೋ ಅದೇ ಶಾಲೆಯಲ್ಲಿ ಓದಿದ್ದರೆ ಮಗುವಿಗೆ ನೂರರಲ್ಲಿ 5 ಅಂಕ ಇತ್ತು. ಮೂರು ವರ್ಷದ ಮಗುವಿಗೂ ಲೆಗಸಿ! ನಮ್ಮ ರಾಜ್ಯದಲ್ಲಿ ಕ್ಯಾಪಿಟೇಷನ್ ಶುಲ್ಕದ ವಿರುದ್ಧ 1984ರಲ್ಲೇ ಕಾಯ್ದೆ ಬಂತು. ಅದಾದ ಮೇಲೂ ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜೊಂದರ ಶುಲ್ಕದ ವಿಷಯ ಮೋಹಿನಿ ಜೈನ್ ಪ್ರಕರಣವಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 1992ರಲ್ಲಿ ತೀರ್ಪು ಬಂತು. ಇಂದಿಗೂ ಮ್ಯಾನೇಜ್‌ಮೆಂಟ್ ಕೋಟಾ ಇದೆ, ಎನ್ಆರ್‌ಐ ಕೋಟಾ ಇದೆ. ಅಲ್ಲಿ ‘ಅಪ್ಪ ಎಲ್ಲಿ ಓದಿದರು?’ ಎಂದು ಕೇಳುತ್ತಾರೆ. ಇಲ್ಲಿ ‘ಅಪ್ಪನ ಹತ್ತಿರ ಎಷ್ಟಿದೆ?’ ಎಂದು ಕೇಳುತ್ತಾರೆ.

ಆದರೂ ನನ್ನದು ಸಿಇಟಿ ಸೀಟು. ನನ್ನ ಪ್ರಿಂಟ್‌ಔಟ್ ಶುದ್ಧ. ಹಾಗಂದುಕೊಂಡೇ ಜನವರಿಯಲ್ಲಿ ನನ್ನ ಪಿಯುಸಿ ಗೆಳತಿಗೆ ಈ ಕಥೆಯನ್ನೆಲ್ಲ ಹೇಳಿದೆ. ತಿಪಟೂರಿನ ಹತ್ತಿರದ ಹಳ್ಳಿಯವಳು. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳೀಗ ಬೇರೆ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಪೂರ್ತಿ ಕೇಳಿ ಅವಳು ಅಂದಿದ್ದು ಇಷ್ಟೇ: ‘ನಿಮ್ಮಪ್ಪನ ಬ್ಯಾಚ್ ಗ್ರೂಪ್ ಮರೆತೆಯೇನೇ?’

ಬ್ಯಾಚ್ ಗ್ರೂಪಿನ ಸಹಾಯ

ನಿಜ ಹೇಳುತ್ತೇನೆ, ಮರೆತಿದ್ದೆ.

ಸಿಇಟಿ ಬರೆದವರಿಗೆಲ್ಲ ಗೊತ್ತು. ರ‍್ಯಾಂಕ್ ಬಂದರೆ ಅರ್ಧ ಕೆಲಸ ಮಾತ್ರ ಆದಂತೆ. ಉಳಿದ ಅರ್ಧ ಆಪ್ಷನ್ ಎಂಟ್ರಿ. ಬೇಕಾದ ಕಾಲೇಜು, ಬ್ರ್ಯಾಂಚುಗಳನ್ನು ಒಂದು, ಎರಡು, ಮೂರು ಎಂದು ಆದ್ಯತೆಯಲ್ಲಿ ತುಂಬಬೇಕು. ನಮ್ಮ ಸರದಿ ಬಂದಾಗ ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ನೋಡುತ್ತದೆ. ಯಾವುದು ಮೊದಲು ಖಾಲಿ ಇದೆಯೋ ಅದನ್ನು ಕೊಟ್ಟು ನಿಲ್ಲುತ್ತದೆ. ಕೆಳಗಿನದನ್ನು ನೋಡುವುದೇ ಇಲ್ಲ. ಹಾಗಾಗಿ ಸಿಗುವುದೋ ಇಲ್ಲವೋ ಎಂದು ಯೋಚಿಸದೆ, ತುಂಬಾ ಇಷ್ಟವಾದದ್ದನ್ನು ಎಲ್ಲಕ್ಕಿಂತ ಮೇಲೆ ಹಾಕಬೇಕು. ಸಿಗದಿದ್ದರೆ ಏನೂ ನಷ್ಟವಿಲ್ಲ, ಮುಂದಿನದಕ್ಕೆ ಹೋಗುತ್ತದೆ.

ಇದು ನನಗೆ ಹೇಗೆ ಗೊತ್ತಾಯಿತು? ಅಪ್ಪನ ಕಾಲೇಜಿನ ವಾಟ್ಸ್ಆ್ಯಪ್ ಗ್ರೂಪಿನಿಂದ. ಅಪ್ಪನ ಸಹಪಾಠಿಯೊಬ್ಬರು ಅದೇ ಕಾಲೇಜಿನಲ್ಲಿ ಈಗ ಪ್ರೊಫೆಸರ್. ಹಿಂದಿನ ವರ್ಷ ಯಾವ ಬ್ರ್ಯಾಂಚು ಯಾವ ರ‍್ಯಾಂಕಿಗೆ ಮುಗಿದಿತ್ತು, ಅಣಕು ಸೀಟು ಹಂಚಿಕೆ ನೋಡಿ ಹೇಗೆ ಆದ್ಯತೆ ಬದಲಿಸಬೇಕು, ಮೊದಲ ಸುತ್ತಿನಲ್ಲಿ ಸಿಕ್ಕ ಸೀಟನ್ನು ಬಿಡದೆ ಎರಡನೇ ಸುತ್ತಿಗೆ ಕಾಯುವುದು ಹೇಗೆ, ಎಲ್ಲವನ್ನೂ ಒಂದು ಭಾನುವಾರ ಒಂದೂವರೆ ಗಂಟೆ ಫೋನಿನಲ್ಲಿ ವಿವರಿಸಿದರು. ಅಪ್ಪ ಹಳೆಯ ಡೈರಿಯಲ್ಲಿ ಬರೆದುಕೊಂಡರು. ನನಗೆ ಈಗಿನ ಸೀಟು ಸಿಕ್ಕಿದ್ದು ಎರಡನೇ ಸುತ್ತಿನಲ್ಲಿ.

ಗೆಳತಿಯ ರ‍್ಯಾಂಕ್ ನನ್ನದಕ್ಕಿಂತ ಸುಮಾರು ಎರಡು ಸಾವಿರ ಮುಂದಿತ್ತು. ಅವಳ ಅಪ್ಪನಿಗೆ ನಾಲ್ಕು ಎಕರೆ ತೆಂಗಿನ ತೋಟ, ಅಮ್ಮ ಅಂಗನವಾಡಿ ಸಹಾಯಕಿ. ಮನೆಯಲ್ಲಿ ಪಿಯುಸಿ ದಾಟಿದವಳು ಅವಳೇ ಮೊದಲು. ಊರಿನ ಯಾರೋ ಹೇಳಿದರಂತೆ, ‘ಸಿಗೋ ಕಾಲೇಜನ್ನ ಮೇಲೆ ಹಾಕು, ದೊಡ್ಡದಕ್ಕೆ ಆಸೆಪಟ್ರೆ ಯಾವುದೂ ಸಿಗಲ್ಲ.’ ಸೈಬರ್ ಸೆಂಟರಿನಲ್ಲಿ ಕೂತು ಹಾಗೆಯೇ ತುಂಬಿಸಿದಳು. ಕಂಪ್ಯೂಟರ್ ನಿಯಮದ ಪ್ರಕಾರ ಅವಳ ಮೊದಲ ಆಯ್ಕೆಯನ್ನೇ ಕೊಟ್ಟಿತು. ‘ಫಸ್ಟ್ ಆಪ್ಷನ್ನೇ ಸಿಕ್ತು’ ಎಂದು ಮನೆಯವರೆಲ್ಲ ಖುಷಿಪಟ್ಟರಂತೆ. ನನಗೆ ಸಿಕ್ಕ ಈ ಸೀಟು ಅವಳ ಪಟ್ಟಿಯಲ್ಲಿ ಐದನೆಯದೋ ಆರನೆಯದೋ ಆಗಿತ್ತು. ಮೇಲೆ ಹಾಕಿದ್ದರೆ ನನಗಿಂತ ಮೊದಲು ಅವಳಿಗೆ ಸಿಗುತ್ತಿತ್ತು. ಅಣಕು ಹಂಚಿಕೆಯ ನಂತರ ಬದಲಿಸಲು ಅವಕಾಶವಿತ್ತು. ಬದಲಿಸಬೇಕು ಎಂದು ಅವಳಿಗೆ ಹೇಳುವವರಿರಲಿಲ್ಲ. ಅದೇ ವಾರ ನಾನು ಅವಳ ಜೊತೆ ಫೋನಿನಲ್ಲಿ ಮಾತಾಡಿದ್ದೆ. ಯಾವ ಡ್ರೆಸ್ ಹೊಲಿಸಬೇಕು ಎಂದು ಕೇಳಿದ್ದೆನೇ ಹೊರತು ‘ಆಪ್ಷನ್ ಹೇಗೆ ಹಾಕಿದ್ದೀಯ?’ ಎಂದು ಕೇಳಿರಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಅಪ್ಪನ ಗೆಳೆಯರು ಶಿಫಾರಸು ಮಾಡಿಲ್ಲ, ಒಂದು ರೂಪಾಯಿ ಕೈ ಬದಲಾಗಿಲ್ಲ. ಫಾರಂನಲ್ಲಿ ಅಪ್ಪನ ಕಾಲೇಜಿನ ಕಾಲಂ ಇರಲೂ ಇಲ್ಲ. ಆದರೂ ಅಪ್ಪ ಆ ಕಾಲೇಜಿನಲ್ಲಿ ಓದಿದ್ದು ನನ್ನ ಕೆಲಸಕ್ಕೆ ಬಂತು. ನಾಲ್ಕನೇ ಸೆಮಿಸ್ಟರ್ ನಂತರದ ನನ್ನ ಇಂಟರ್ನ್‌ಷಿಪ್ ಕೂಡ ಅದೇ ಬ್ಯಾಚಿನ ಇನ್ನೊಬ್ಬ ಅಂಕಲ್ ಹೇಳಿದ ಕಂಪನಿಯಲ್ಲೇ ಆಯಿತು. ನೆಂಟರು ಅಂದಿದ್ದು ಪೂರ್ತಿ ಸುಳ್ಳಾಗಿರಲಿಲ್ಲ.

ಹಾಗಾದರೆ ಅಮೆರಿಕದ್ದೂ ನಮ್ಮದೂ ಒಂದೇನಾ? ಅಲ್ಲ. ಅಲ್ಲಿ ಆಯ್ಕೆ ಮಾಡುವವರೇ ತಕ್ಕಡಿಯ ಒಂದು ಬದಿಗೆ ಕಲ್ಲು ಇಡುತ್ತಾರೆ. ಅದನ್ನು ತೆಗೆಯಲು ಒಂದು ಕಾನೂನು ಸಾಕು, ಕೆಲವು ರಾಜ್ಯಗಳು ತೆಗೆದೂ ತೋರಿಸಿವೆ. ನಮ್ಮಲ್ಲಿ ತಕ್ಕಡಿ ಸರಿಯಿದೆ. ತಕ್ಕಡಿಯ ಹತ್ತಿರ ಹೋಗುವ ದಾರಿ ಕೆಲವರಿಗೆ ಮಾತ್ರ ಗೊತ್ತಿದೆ. ಇದಕ್ಕೆ ಕಾನೂನು ಬೇಕಿಲ್ಲ. ದಾರಿ ಗೊತ್ತಿದ್ದವರು ಬಾಯಿಬಿಟ್ಟು ಹೇಳಿದರೆ ಸಾಕು.

ಅಪ್ಪನ ಡೈರಿ

ಈ ಸಲ ಆಪ್ಷನ್ ಎಂಟ್ರಿ ಶುರುವಾದಾಗ ಅಪ್ಪನ ಆ ಡೈರಿ ಹಿಡಿದು ನಾವು ಓದಿದ ಪಿಯು ಕಾಲೇಜಿಗೆ ಹೋದೆ. ಪ್ರಾಂಶುಪಾಲರು ಒಂದು ಕೊಠಡಿ ಬಿಟ್ಟುಕೊಟ್ಟರು. ನನಗಿಂತ ಚೆನ್ನಾಗಿ ವಿವರಿಸಿದ್ದು ನನ್ನ ಗೆಳತಿ. ‘ನಾನು ಮಾಡಿದ ತಪ್ಪು ಹೇಳ್ತೀನಿ, ಬರ್ಕೊಳ್ಳಿ’ ಎಂದೇ ಶುರು ಮಾಡಿದಳು. ಎರಡು ಭಾನುವಾರಗಳಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳು ಬಂದಿದ್ದರು. ಬಹುತೇಕರು ತಮ್ಮ ಇಷ್ಟದ ಕಾಲೇಜನ್ನು ಪಟ್ಟಿಯ ಕೆಳಗೆಲ್ಲೋ ಬಚ್ಚಿಟ್ಟಿದ್ದರು, ಆಸೆಪಡುವುದೇ ತಪ್ಪೇನೋ ಎಂಬಂತೆ. ಒಂದೊಂದನ್ನೇ ಮೇಲಕ್ಕೆ ತಂದೆವು.

ನ್ಯೂಜೆರ್ಸಿಯ ತಂಗಿ ಸಿಕ್ಕ ಸೀಟನ್ನು ಬಿಡಲಿಲ್ಲ. ಬಿಡು ಎಂದು ಹೇಳುವ ಹಕ್ಕು ನನಗೂ ಇರಲಿಲ್ಲ. ಅವಳ ಗೆಳತಿಗೆ ಕೊನೆಗೂ ಅಲ್ಲಿ ಸೀಟು ಸಿಗಲಿಲ್ಲ, ಬೇರೆ ಕಾಲೇಜು ಸೇರಿದಳು. ತಂಗಿ ಈಗ ಕ್ಯಾಂಪಸ್ಸಿನಲ್ಲಿ ಲೆಗಸಿ ಬೇಡ ಎನ್ನುವ ವಿದ್ಯಾರ್ಥಿಗಳ ಜೊತೆ ಸಹಿ ಸಂಗ್ರಹಿಸುತ್ತಿದ್ದಾಳೆ. ‘ಅಪ್ಪಂಗೆ ಹೇಳ್ಬೇಡ ಅಕ್ಕ, ಬೇಜಾರಾಗ್ತಾರೆ’ ಎಂದಿದ್ದಳು. ಚಿಕ್ಕಪ್ಪ ಕನ್ನಡ ಪತ್ರಿಕೆ ಓದುವುದನ್ನು ಬಿಟ್ಟಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲವೇನೋ!

ಮೊನ್ನೆ ಗೃಹಪ್ರವೇಶವೊಂದರಲ್ಲಿ ಮತ್ತದೇ ಅಂಕಲ್ ಸಿಕ್ಕರು. ‘ಏನಮ್ಮಾ, ಅಪ್ಪನ ಕಾಲೇಜು ಹೆಂಗಿದೆ?’ ಎಂದು ಕಣ್ಣು ಮಿಟುಕಿಸಿದರು. ನಾನು ಪ್ರಿಂಟ್‌ಔಟ್ ವಿಷಯ ಎತ್ತಲಿಲ್ಲ.

‘ಚೆನ್ನಾಗಿದೆ ಅಂಕಲ್. ರ‍್ಯಾಂಕ್ ನಂದೇ. ದಾರಿ ಅಪ್ಪಂದು’ ಎಂದೆ. ಪಕ್ಕದಲ್ಲಿ ಕೂತಿದ್ದ ಅವರ ಮಗ ಈ ವರ್ಷ ಸೆಕೆಂಡ್ ಪಿಯುಸಿ. ‘ನೀನು ಆಪ್ಷನ್ ಎಂಟ್ರಿ ಹೊತ್ತಿಗೆ ಫೋನ್ ಮಾಡೋ’ ಎಂದು ನಂಬರ್ ಕೊಟ್ಟು ಊಟಕ್ಕೆ ಎದ್ದೆ.